ಚುಕ್ಕೆಗಳಲ್ಲಿಯೂ ಪಂಕ್ತಿಭೇದ

ಅಂಗೈಯಗಲದ ಫೋನಿಗೆ ಅಷ್ಟು ಸೂಕ್ಷ್ಮವಾದ ಪರದೆ ಯಾಕೆ? ಈ ಪ್ರಶ್ನೆಗೆ ಪೇಟೆಯಲ್ಲಿ ಎರಡು ಉತ್ತರಗಳು ಓಡಾಡುತ್ತಿವೆ. ಒಂದು, ಮೊಬೈಲ್ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿದ ಉತ್ತರ: ಚುಕ್ಕೆ ಹೆಚ್ಚಿದಷ್ಟೂ ಚಂದ, ಕೈಯಲ್ಲಿ ಹಣವಿಲ್ಲದಿದ್ದರೆ ಕಂತು ಉಂಟು. ಇನ್ನೊಂದು, ಆರಾಮಕುರ್ಚಿಯ ಮಹಾಶಯರ ಉತ್ತರ: ಮಿಲ್ಲಿನ ಕೂಲಿಗೆ, ಜಿನಸಿನಂಗಡಿಯವನಿಗೆ, ಬೀಡಿ ಕಟ್ಟುವ ಹೆಂಗಸಿಗೆ ಚುಕ್ಕೆಯ ಗೊಡವೆ ಏತಕ್ಕೆ, ಏನೋ ಒಂದು ಕಂಡರೆ ಸಾಲದೆ? ಮೊದಲನೆಯದು ಸುಲಿಗೆ, ಎರಡನೆಯದು ಅವಮಾನ. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು ಎಂದು ನಾವು ಹೇಳುತ್ತೇವೆ, ಮತ್ತು ಎರಡನ್ನೂ ಬೇರೆಬೇರೆಯಾಗಿ ಎದುರಿಸುತ್ತೇವೆ.

ಮೊದಲು ವಸ್ತುಸ್ಥಿತಿ ಏನೆಂದು ನೋಡೋಣ. ಫೋನಿನ ಪರದೆ ನೇಯ್ದ ಬಟ್ಟೆಯಿದ್ದ ಹಾಗೆ. ಹಾಸಿನ ಎಳೆ ಅಂಗುಲಕ್ಕೆ ಇಷ್ಟು, ಹೊಕ್ಕಿನ ಎಳೆ ಇಷ್ಟು ಎಂದು ನೇಯುವವನು ಎಣಿಸುತ್ತಾನಷ್ಟೆ? ಪರದೆಯಲ್ಲಿ ಎಳೆಯ ಬದಲು ಬೆಳಕಿನ ಚುಕ್ಕೆಗಳು. ಅಡ್ಡಕ್ಕೆ 720, ಉದ್ದಕ್ಕೆ 1600 ಚುಕ್ಕೆಗಳಿರುವ ಆರೂವರೆ ಅಂಗುಲದ ಫೋನಿನಲ್ಲಿ ಅಂಗುಲಕ್ಕೆ ಸುಮಾರು 270 ಚುಕ್ಕೆ ಬೀಳುತ್ತದೆ. ಅಡ್ಡಕ್ಕೆ 1080 ಇದ್ದರೆ 400ರ ಹತ್ತಿರ. 1440 ಇದ್ದರೆ 500 ದಾಟುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಈ ತರದ ಲೆಕ್ಕ ಹೊಸತಲ್ಲ. ಡಬ್ಲ್ಯು 180, ಡಬ್ಲ್ಯು 320 ಎಂದರೆ ಪೌಂಡಿಗೆ ಎಷ್ಟು ತಿರುಳು ಎಂಬ ಎಣಿಕೆಯೇ ತಾನೆ. ಅಲ್ಲಿ ಸಂಖ್ಯೆ ಏರಿದರೆ ತಿರುಳು ಸಣ್ಣದು, ಬೆಲೆ ಕಡಿಮೆ. ಇಲ್ಲಿ ಸಂಖ್ಯೆ ಏರಿದರೆ ಚುಕ್ಕೆ ಸಣ್ಣದು, ಬೆಲೆ ಮಾತ್ರ ಆಕಾಶಕ್ಕೆ.

ಇನ್ನು ಕಣ್ಣಿನ ವಿಚಾರ. ಒಳ್ಳೆಯ ದೃಷ್ಟಿಯುಳ್ಳ ಮನುಷ್ಯನ ಕಣ್ಣು ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿನಷ್ಟು ಕೋನವನ್ನು ಬಿಡಿಸಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಹಿಡಿಯುವ ಸಾಮಾನ್ಯ ಅಳತೆ. ಇದನ್ನು ಅಂಗುಲಕ್ಕಿಳಿಸಿದರೆ, ಒಂದು ಅಡಿ ದೂರದಲ್ಲಿ ಹಿಡಿದ ಫೋನಿನಲ್ಲಿ ಅಂಗುಲಕ್ಕೆ 286 ಚುಕ್ಕೆ ಇದ್ದರೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ, ಒಂದಾಗಿ ಬೆರೆತುಹೋಗುತ್ತವೆ. ಹತ್ತು ಅಂಗುಲ ಹತ್ತಿರಕ್ಕೆ ತಂದರೆ 344 ಬೇಕು. ನಲವತ್ತು ಕಳೆದು ಚಾಳೀಸು ಬಂದ ಮೇಲೆ ಫೋನನ್ನು ತೋಳುದ್ದಕ್ಕೆ ಸರಿಸುತ್ತೇವಲ್ಲ, ಹದಿನಾರು ಅಂಗುಲದಲ್ಲಿ 215 ಸಾಕು. ಎಳೆಯ ಕಣ್ಣು ಇದಕ್ಕಿಂತ ತುಸು ಹೆಚ್ಚನ್ನೂ ಕಂಡೀತು, ಒಪ್ಪೋಣ. ಆದರೂ ಅಳತೆಗೆ ಒಂದು ಅಂಚು ಇದೆ. 2010ರಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಐಫೋನ್ 4ನ್ನು ಎತ್ತಿ ತೋರಿಸುತ್ತ, ಹತ್ತು ಹನ್ನೆರಡು ಅಂಗುಲದ ದೂರಕ್ಕೆ 300ರ ಆಸುಪಾಸಿನಲ್ಲಿ ಕಣ್ಣಿನ ಮಿತಿ ಬಂತು ಎಂದರು. ಅವರ ಫೋನಿನಲ್ಲಿದ್ದದ್ದು 326. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಛಾಪಖಾನೆಯವರಿಗೆ ಈ ಗುಟ್ಟು ಮೊದಲೇ ಗೊತ್ತು. ಮದುವೆಯ ಕಾಗದಕ್ಕೆ ಫೋಟೋ ಕೊಡುವಾಗ ಅಂಗುಲಕ್ಕೆ 300 ಇರಲಿ ಎನ್ನುತ್ತಾರೆ. ಅದೇ ಜನ ರಸ್ತೆಬದಿಯ ದೊಡ್ಡ ಬ್ಯಾನರಿಗೆ ನೂರಕ್ಕಿಂತ ಕಡಿಮೆಯಿದ್ದರೂ ತಕರಾರಿಲ್ಲದೆ ಅಚ್ಚು ಹಾಕಿ ಕೊಡುತ್ತಾರೆ. ಜನವರಿಯಲ್ಲಿ ಬಿಕರ್ನಕಟ್ಟೆಯ ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಹಬ್ಬಕ್ಕೆ ಬ್ಯಾನರು ಬಿದ್ದಾಗ ನಂತೂರಿನ ಕಡೆಯಿಂದ ಬಸ್ಸಿನಲ್ಲಿ ಬರುವವನಿಗೆ ಅದು ಸ್ಫಟಿಕದಂತೆ ಕಾಣುತ್ತದೆ. ಬುಡಕ್ಕೆ ಹೋಗಿ ಮೂಗು ತಾಗಿಸಿದರೆ ಬರೀ ಬಣ್ಣದ ರವೆ. ಸ್ಪಷ್ಟತೆ ಎಂಬುದು ವಸ್ತುವಿನಲ್ಲಿ ಒಂಟಿಯಾಗಿ ಇರುವುದಿಲ್ಲ. ಅದು ವಸ್ತುವಿಗೂ ಕಣ್ಣಿಗೂ ನಡುವಿನ ದೂರದಲ್ಲಿ ಇದೆ. ದೂರವನ್ನು ಬಿಟ್ಟು ಚುಕ್ಕೆಯನ್ನು ಮಾತ್ರ ಮಾರುವವನು ಅರ್ಧ ಮಾತು ಹೇಳುತ್ತಿದ್ದಾನೆ.

ಆ ಅರ್ಧ ಮಾತಿನಿಂದಲೇ ಹದಿನೈದು ವರ್ಷಗಳ ವ್ಯಾಪಾರ ನಡೆದುಹೋಯಿತು. 2015ರಲ್ಲಿ ಸೋನಿ ಕಂಪೆನಿ ಐದೂವರೆ ಅಂಗುಲದ ಎಕ್ಸ್‌ಪೀರಿಯಾ ಝಡ್5 ಪ್ರೀಮಿಯಂ ಎಂಬ ಫೋನಿನಲ್ಲಿ ಅಂಗುಲಕ್ಕೆ 806 ಚುಕ್ಕೆ ತುಂಬಿಸಿತು. ಸಿನೆಮಾ ಥಿಯೇಟರಿನ ದರ್ಜೆ ಎಂದು ಡಂಗುರ. ಆದರೆ ಫೋಟೋ, ವಿಡಿಯೋ ನೋಡುವ ಹೊತ್ತು ಬಿಟ್ಟರೆ ಉಳಿದ ಕೆಲಸಗಳಲ್ಲೆಲ್ಲ ಆ ಫೋನು ಅರ್ಧ ಅಳತೆಯ 1080ರಲ್ಲೇ ಚಿತ್ರ ಮೂಡಿಸುತ್ತಿತ್ತು. ಯಾಕೆ? ಅಷ್ಟು ಚುಕ್ಕೆಗಳನ್ನು ಎಳೆಯುವಾಗ ಯಂತ್ರ ಬಿಸಿಯಾಗುತ್ತದೆ, ಬ್ಯಾಟರಿ ಸೋರುತ್ತದೆ, ಕಣ್ಣಿಗೆ ಮಾತ್ರ ಏನೂ ಸಿಗುವುದಿಲ್ಲ. ಸ್ಯಾಮ್‌ಸಂಗ್ ಕಂಪೆನಿಯೂ 2017ರ ಎಸ್8ರಿಂದ ಈಚೆಗೆ 1440ರ ಪರದೆಯನ್ನು ಮಾರಿ, ಪೆಟ್ಟಿಗೆಯಿಂದ ತೆಗೆಯುವಾಗ ಅದನ್ನು 1080ಕ್ಕೆ ಇಳಿಸಿಟ್ಟು ಕೊಡುವ ರೂಢಿ ಹಾಕಿತು. ಬೇಕಾದವರು ಒಳಗೆ ಹೋಗಿ ಏರಿಸಿಕೊಳ್ಳಬಹುದಂತೆ. ಮೂರು ಸೇರಿನ ಅಕ್ಕಿಗೆ ಹಣ ತೆಗೆದುಕೊಂಡು ಎರಡು ಸೇರು ಅಳೆದು, ಉಳಿದ ಒಂದು ಸೇರು ಗೋಣಿಯ ತಳದಲ್ಲಿದೆ, ಬೇಕಾದರೆ ಕೈ ಹಾಕಿ ಎನ್ನುವ ವರ್ತಕನನ್ನು ನಾವು ಏನೆಂದು ಕರೆಯುತ್ತೇವೆ?

ಇನ್ನೊಂದು ಸಂಗತಿಯನ್ನು ಸಣ್ಣ ವ್ಯಾಪಾರಿಗಳು ಗಮನಿಸಬೇಕು. ಒಂದು ಚುಕ್ಕೆ ಎಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುದೀಪಗಳ ಗುಂಪು ಎಂಬುದು ಹಳೆಯ ಲೆಕ್ಕ. ಅನೇಕ ಅಮೋಲೆಡ್ ಪರದೆಗಳಲ್ಲಿ ಚುಕ್ಕೆಗೆ ಎರಡೇ ದೀಪ. ಹಸಿರು ಪೂರ್ತಿ ಇರುತ್ತದೆ, ಕೆಂಪು ಮತ್ತು ನೀಲಿ ಅರ್ಧರ್ಧ. ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಮಾತ್ರ ಕುಂದಿಲ್ಲ. ಕಂಪೆನಿಗಳಿಗೆ ಇದಕ್ಕೆ ಸಮಾಧಾನ ಹೇಳಲು ಬರುತ್ತದೆ. ಹಸಿರಿನಲ್ಲೇ ಕಣ್ಣು ಹೆಚ್ಚು ಚುರುಕು, ಹಾಗಾಗಿ ನಷ್ಟ ಸ್ವಲ್ಪವೇ ಎನ್ನುತ್ತಾರೆ. ಆ ವಾದದಲ್ಲಿ ಸತ್ಯಾಂಶವಿದೆ. ನಮ್ಮ ಪ್ರಶ್ನೆ ಬೇರೆ. ಕೈಕಂಬದ ಜಿನಸಿನಂಗಡಿಯವನು ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸದೆ ಹೋದರೆ ದಂಡ ಕಟ್ಟಬೇಕು. ಮೂರರ ಜಾಗದಲ್ಲಿ ಎರಡಿಟ್ಟು ಮೂರರ ಹೆಸರಿನಲ್ಲಿ ಎಣಿಸುವ ಪೆಟ್ಟಿಗೆಗೆ ಯಾವ ಮುದ್ರೆ, ಯಾವ ಇನ್ಸ್‌ಪೆಕ್ಟರು?

ಕಂತಿನ ಮಾತು ಇಲ್ಲಿಯೇ ಹೇಳಿ ಮುಗಿಸುತ್ತೇವೆ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ಎಲ್ಲೆಲ್ಲಿಯೂ ಕಾಣುತ್ತೇವೆ. ಸೊನ್ನೆ ಬಡ್ಡಿ ಎಂಬುದೊಂದು ಇರಲಾರದು ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಬರೆದು ತಿಳಿಸಿತು. ಬಡ್ಡಿಯು ಬೆಲೆಯೊಳಗೋ, ಸಂಸ್ಕರಣ ಶುಲ್ಕದೊಳಗೋ ಅಡಗಿ ಕುಳಿತಿರುತ್ತದೆ. ಫೋನಿನ ಮೇಲಿನ ಜಿಎಸ್‌ಟಿ 2020ರ ಏಪ್ರಿಲಿನಲ್ಲಿ ಶೇಕಡಾ 12ರಿಂದ 18ಕ್ಕೆ ಏರಿತು. ಎಂಟು ಸಾವಿರದ ಫೋನಿಗೂ ಶೇಕಡಾ 18, ಒಂದು ಲಕ್ಷದ ಫೋನಿಗೂ ಶೇಕಡಾ 18. ಸಮಾನತೆ ಎಂದರೆ ಇವರಿಗೆ ಇಷ್ಟೇ! ಕಾಣದ ಚುಕ್ಕೆಗೆ ಸಾಲ ಮಾಡಿ, ಆ ಸಾಲದ ಮೇಲೆ ಶುಲ್ಕ ಕೊಟ್ಟು, ಗಾಜು ಒಡೆದ ದಿನ ಹೊಸ ಪರದೆಗೆ ಫೋನಿನ ಬೆಲೆಯ ದೊಡ್ಡ ಪಾಲನ್ನೇ ಮತ್ತೆ ಸುರಿಯುವುದು ನಮ್ಮವರಿಗೆ ಬೇಡ.

ಸುಲಿಗೆಯ ಮಾತು ಇಷ್ಟು. ಈಗ ಅವಮಾನದ ಕಡೆಗೆ ಬರುತ್ತೇವೆ. ಇದರ ಬಗ್ಗೆ ನಮಗೆ ಹೆಚ್ಚು ಸಿಟ್ಟಿದೆ. ಯಾಕೆಂದರೆ ಸುಲಿಯುವವನು ಕೊನೆಗೂ ನಮ್ಮ ಹಣವನ್ನು ಗೌರವಿಸುತ್ತಾನೆ. ‘ಬಡವನಿಗೆ ಇಷ್ಟು ಸಾಕು’ ಎನ್ನುವವನು ನಮ್ಮ ಕಣ್ಣನ್ನೂ ಗೌರವಿಸುವುದಿಲ್ಲ.

2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಅಂದಿನ ಮಾನವ ಸಂಪನ್ಮೂಲ ಮಂತ್ರಿ ಕಪಿಲ್ ಸಿಬಲ್ ಅವರು ಆಕಾಶ್ ಎಂಬ ಟ್ಯಾಬ್ಲೆಟನ್ನು ದೇಶಕ್ಕೆ ಅರ್ಪಿಸಿದರು. ಜಗತ್ತಿನ ಅತಿ ಅಗ್ಗದ ಟ್ಯಾಬ್ಲೆಟ್, ಬಡ ವಿದ್ಯಾರ್ಥಿಯ ಭಾಗ್ಯೋದಯ ಎಂದೆಲ್ಲ ಹೊಗಳಿಕೆ. ಡೇಟಾವಿಂಡ್ ಎಂಬ ಕಂಪೆನಿ ಅದನ್ನು ಸರಕಾರಕ್ಕೆ ಸುಮಾರು 2,300 ರೂಪಾಯಿಗೆ ಕೊಟ್ಟಿತು. ಏಳು ಅಂಗುಲದ ಪರದೆ, 800ಕ್ಕೆ 480 ಚುಕ್ಕೆ, ಅಂದರೆ ಅಂಗುಲಕ್ಕೆ 133. ಉಗುರಿನಿಂದ ಒತ್ತಿದರೆ ಮಾತ್ರ ಅಲುಗುವ ಹಳೆಯ ಕಾಲದ ಗಾಜು. ಒಳಗಿದ್ದದ್ದು ಆಂಡ್ರಾಯ್ಡ್ 2.2. ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳಿಗೆ ಆಂಡ್ರಾಯ್ಡ್ ತಾನಾಗಿ ಬೆಂಬಲ ಕೊಟ್ಟದ್ದು 2012ರ 4.1ನೆಯ ಆವೃತ್ತಿಯಲ್ಲಿ. ಕನ್ನಡ ಶಾಲೆಯ ಹುಡುಗನ ಕೈಗೆ ಇಂಥದ್ದನ್ನು ಕೊಟ್ಟು ‘ಓದು ಮಗು’ ಎನ್ನುವುದು ಹೇಗೆ? 2012ರ ನವೆಂಬರಿನಲ್ಲಿ ಆಕಾಶ್ 2 ಬಂತು. ಗಾಜು ಸುಧಾರಿಸಿತು, ಚುಕ್ಕೆ ಅಷ್ಟೇ ಉಳಿಯಿತು, ಒಳಗಿನ ಆವೃತ್ತಿ 4.0. ಕನ್ನಡಕ್ಕೆ ಆಗಲೂ ಒಂದು ಮೆಟ್ಟಲು ಕಡಿಮೆಯೇ.

ಅದೇ 2012ರಲ್ಲಿ ಆಪಲಿನ ಮೊದಲ ಐಪ್ಯಾಡ್ ಮಿನಿಯೂ ಹೊರಟಿತು. ಅಂಗುಲಕ್ಕೆ 163 ಚುಕ್ಕೆ. ಗೂಗಲಿನ ನೆಕ್ಸಸ್ 7ರಲ್ಲಿ 216 ಇದ್ದದ್ದರಿಂದ, ಐಪ್ಯಾಡ್ ಮಿನಿಯ ಅಕ್ಷರ ಮಸುಕು ಎಂದು ವಿಮರ್ಶಕರು ಆಡಿಕೊಂಡರು. ಮರುವರ್ಷವೇ ಕಂಪೆನಿ ಅದನ್ನು 326ಕ್ಕೆ ಏರಿಸಿತು. ಉಳ್ಳವರು ಗೊಣಗಿದರೆ ವರ್ಷದೊಳಗೆ ಎರಡು ಪಟ್ಟು! ಆದರೆ 2023ರಲ್ಲಿ, ಹನ್ನೊಂದು ವರ್ಷ ಕಳೆದ ಮೇಲೆ, ಅಗ್ಗದ ಸಾಲಿನಲ್ಲಿ ಬಂದ ಸ್ಯಾಮ್‌ಸಂಗ್ ಟ್ಯಾಬ್ ಎ9ರಲ್ಲಿ ಎಷ್ಟಿತ್ತು? ಅಂಗುಲಕ್ಕೆ 179. ಶ್ರೀಮಂತರು 2012ರಲ್ಲಿ ಮೂಗು ಮುರಿದು ಎಸೆದ ಎಲೆಯಲ್ಲೇ ಬಡವರಿಗೆ ಇಂದಿಗೂ ಬಡಿಸುತ್ತಿದ್ದಾರೆ. ಪಂಕ್ತಿಭೇದ ಎಂದು ನಾವು ಹೇಳುವುದು ಇದನ್ನೇ.

ಇಂಗ್ಲಿಷ್ ಓದುವವನು ಈ ಭೇದವನ್ನು ಹೇಗೋ ಸಹಿಸಿಯಾನು. ರೋಮನ್ ಅಕ್ಷರಕ್ಕೆ ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆ ಕೊಟ್ಟರೂ ಅದು ನಿಲ್ಲುತ್ತದೆ. ಹಳೆಯ ಕಾಲದ ಬಿಲ್ಲು ಯಂತ್ರಗಳೆಲ್ಲ ಅದೇ ಲೆಕ್ಕದಲ್ಲಿ ಅಚ್ಚು ಹೊಡೆಯುತ್ತಿದ್ದವು. ಕನ್ನಡಕ್ಕೆ ಐದು ಏಳರ ಗೂಡು ಯಾವ ಮೂಲೆಗೆ? ತಲೆಕಟ್ಟು ಮೇಲೆ ಬೇಕು, ಒತ್ತು ಕೆಳಗೆ ಬೇಕು, ದೀರ್ಘ ಬಲಕ್ಕೆ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳ ಮೇಲೆ ಒಂದು ಸ್ವರ ಹೊರೆಯಾಗಿ ಕೂತಿದೆ. ‘ರಾಷ್ಟ್ರ’ವನ್ನು ಬಸ್ಸಿನ ಹಣೆಯ ಎಲ್‌ಇಡಿ ಫಲಕದಲ್ಲಿ ನೋಡಿದವರಿಗೆ ಅದರ ಅವಸ್ಥೆ ಗೊತ್ತು. ಪ, ಫ, ಷ ಈ ಮೂರಕ್ಕೂ ಮೈಕಟ್ಟು ಒಂದೇ, ನಡುವೆ ಒಂದು ಗೀರು, ಬುಡದಲ್ಲಿ ಒಂದು ಸೀಳು, ಅಷ್ಟೇ ವ್ಯತ್ಯಾಸ. ಬುಡದ ಸೀಳು ಮಾಯವಾದರೆ ‘ಧನ’ ಹೋಗಿ ‘ದನ’ ಆಗುತ್ತದೆ. ಸಹಾಯಧನದ ಅರ್ಜಿ ಹಾಕಿದವನಿಗೆ ಇದು ನಗೆಚಾಟಿಕೆಯ ಮಾತಲ್ಲ.

ಕನ್ನಡದ ಓದುಗನಿಗೆ ಹೆಚ್ಚು ಚುಕ್ಕೆ ಬೇಕು ಎಂಬುದು ಆದುದರಿಂದ ಷೋಕಿಯ ಮಾತಾಗುವುದಿಲ್ಲ. ನಮ್ಮ ಲಿಪಿಯ ಅಗತ್ಯ ಅದು. 500 ಬೇಡ. 300ರ ಹತ್ತಿರ ಬೇಕು. 133, 163, 179 ಸಾಲದು. ಈ ವಿವಾದದಲ್ಲಿ ನಮ್ಮ ನಿಲುವು ಇಷ್ಟೇ.

ಮಂಗಳೂರಿನವರಿಗೆ ಇದನ್ನು ಬೇರೆ ಊರಿನವರು ಹೇಳಿಕೊಡಬೇಕಾಗಿಲ್ಲ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರು ಇದೇ ಊರಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿದರು. ಕೈಯಲ್ಲಿ ಬರೆದ ಅಕ್ಷರ ಕಲ್ಲಿಗಿಳಿದು ಕಾಗದಕ್ಕೆ ಬರುತ್ತಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚು ಕಂಡಿತು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಮಂಗಳೂರಿನಲ್ಲೇ ಅಚ್ಚಾಯಿತು. ಅಷ್ಟು ದಪ್ಪ ಪುಸ್ತಕದಲ್ಲಿ ಒತ್ತಿಗೆ ಒತ್ತು, ಸೀಳಿಗೆ ಸೀಳು ಕಾಣಬೇಕೆಂದು ಮೊಳೆ ಜೋಡಿಸಿದ ಕೂಲಿಕಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ನೂರಮೂವತ್ತು ವರ್ಷಗಳ ಹಿಂದೆ ಸೀಸದಲ್ಲಿ ಸಾಧ್ಯವಾದದ್ದು ಇಂದು ಸರಕಾರಿ ಟೆಂಡರಿನಲ್ಲಿ ಸಾಧ್ಯವಿಲ್ಲವೆಂದರೆ ನಂಬುವುದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಎನ್‌ಕೋರ್ ಎಂಬ ಕಂಪೆನಿಯ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಯಂತ್ರವನ್ನು ತೋರಿಸಿದರು. ಅದರ ಪರದೆಯೂ ಸಣ್ಣದು, 320ಕ್ಕೆ 240. ಆದರೆ ಆ ಜನ ಪರದೆಯ ಬಡತನವನ್ನು ಅರಿತು, ಯಂತ್ರವೇ ಭಾರತೀಯ ಭಾಷೆಗಳನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಮಾಡಿದ್ದರು. ವ್ಯಾಪಾರದಲ್ಲಿ ಅದು ನಿಲ್ಲಲಿಲ್ಲ, ಅದು ಬೇರೆ ಕಥೆ. ಓದುವವನ ಕಷ್ಟದಿಂದ ಹೊರಟು ಯಂತ್ರ ಕಟ್ಟುವ ಬುದ್ಧಿ ಈ ರಾಜ್ಯದಲ್ಲಿ ಇತ್ತು ಎಂಬುದಕ್ಕೆ ಮಾತ್ರ ಅದನ್ನು ನೆನೆದೆವು.

ಇಲ್ಲಿ ನಮ್ಮ ಬಳಗದವರೇ ಕೆಲವರು ಎದ್ದು ಕೇಳುತ್ತಾರೆ: ಫೋನು, ಟ್ಯಾಬ್ಲೆಟು ಭೋಗವಸ್ತುಗಳು, ಕೂಲಿ, ಅಕ್ಕಿ, ಬಾಡಿಗೆಯ ಪ್ರಶ್ನೆ ಬಿಟ್ಟು ಶ್ರಮಜೀವಿಗಳ ಪತ್ರಿಕೆ ಗಾಜಿನ ಹೊಳಪಿನ ಬಗ್ಗೆ ಬರೆಯುವುದೆ? ಹತ್ತು ವರ್ಷದ ಹಿಂದೆ ಈ ಮಾತಿಗೆ ತೂಕವಿತ್ತು. ಇಂದು ಕೂಲಿ, ಅಕ್ಕಿ, ಬಾಡಿಗೆ ಎಲ್ಲವೂ ಆ ಗಾಜಿನೊಳಗೆ ಹೊಕ್ಕಿವೆ. ಪ್ರಾವಿಡೆಂಟ್ ಫಂಡಿನ ಹೊಸ ನಂಬರು ಬೇಕಾದರೆ ಫೋನಿಗೆ ಮುಖ ತೋರಿಸಿ ಎಂದು 2025ರ ಆಗಸ್ಟಿನಿಂದ ನಿಯಮ ಬಂತು. ಅಂಗನವಾಡಿಯ ಅಕ್ಕಂದಿರು 2021ರಿಂದ ಮಕ್ಕಳ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರಿನಲ್ಲಿ ತುಂಬುತ್ತಿದ್ದಾರೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದನ್ನು ಯಾವ ಅಂಗಡಿಯವನೂ ಮರೆತಿಲ್ಲ. ಫೋನನ್ನು ಕಡ್ಡಾಯ ಮಾಡಿದವರು ಫೋನು ಓದಲಿಕ್ಕೆ ಬರುವಂತೆ ಇದೆಯೇ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು.

ಬಿಕರ್ನಕಟ್ಟೆಯನ್ನೇ ತೆಗೆದುಕೊಳ್ಳಿ. ಬಿಕರ್ನಕಟ್ಟೆಯಿಂದ ಸಾಣೂರಿನ ತನಕ ರಾಷ್ಟ್ರೀಯ ಹೆದ್ದಾರಿ 169ನ್ನು ಚತುಷ್ಪಥ ಮಾಡುವುದಕ್ಕಾಗಿ ಕುಲಶೇಖರ, ವಾಮಂಜೂರು, ಗುರುಪುರ, ಮೂಡುಬಿದಿರೆಯ ದಾರಿಯುದ್ದಕ್ಕೂ ಜಮೀನು, ಮನೆ, ಅಂಗಡಿಗಳ ಮೇಲೆ ಸ್ವಾಧೀನದ ಗೆರೆ ಬಿತ್ತು. ಪರಿಹಾರದ ದರಕ್ಕಾಗಿ ಜಮೀನು ಕಳಕೊಂಡವರು ವರ್ಷಗಟ್ಟಲೆ ಹೋರಾಡಬೇಕಾಯಿತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ 3ಎ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪ ಸಲ್ಲಿಸಲು ಇರುವ ಅವಧಿ 21 ದಿವಸ. ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದು ದೇಶಭಾಷೆಯದ್ದಾಗಿರಬೇಕು. ಕಾಯಿದೆ ಬರೆದವರಿಗೆ ಅಷ್ಟು ಮರ್ಯಾದೆ ಇತ್ತು. ಆದರೆ ಇಂದು ಇಂಥ ಪಟ್ಟಿ ಜನರ ಕೈಗೆ ಬರುವುದು ವಾಟ್ಸಪ್ಪಿನ ಮೂಲಕ: ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಹೆಸರು ಎಂದು ಕಾಲಮ್ಮುಗಳಲ್ಲಿ ಒತ್ತಿ ತುಂಬಿದ ಪುಟಗಳು. ಅದರಲ್ಲಿ 38/3ಬಿ ಎಂದು ಇರುವುದು ಯಾರದ್ದೋ ಕಣ್ಣಿಗೆ 33/8ಬಿ ಎಂದು ಕಂಡಿತು ಎನ್ನಿ. ತನ್ನ ಜಾಗ ಹೋಗಲಿಲ್ಲ ಎಂದು ಅವನು ನೆಮ್ಮದಿಯಿಂದ ಮಲಗುತ್ತಾನೆ. 21 ದಿವಸ ಮಲಗಿಯೇ ಕಳೆಯುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಕಚೇರಿಯ ಎ4 ಕಾಗದದ ಅಗಲ ಎಂಟೂಕಾಲು ಅಂಗುಲ. ಆರೂವರೆ ಅಂಗುಲದ ಫೋನಿನ ಅಗಲ, ಹೆಸರು ಏನೇ ಇರಲಿ, ಎರಡೂಮುಕ್ಕಾಲು ಅಂಗುಲ ಮೀರುವುದಿಲ್ಲ. ಪುಟ ಮೂರನೆಯ ಒಂದಕ್ಕೆ ಕುಗ್ಗುತ್ತದೆ, ಹತ್ತು ಪಾಯಿಂಟಿನ ಅಕ್ಷರ ಮೂರು ಪಾಯಿಂಟಿಗೆ ಇಳಿಯುತ್ತದೆ. 720ರ ಫೋನಿನಲ್ಲಿ ಅಂಥ ಅಕ್ಷರದ ಎತ್ತರಕ್ಕೆ ಸಿಗುವುದು ಹನ್ನೆರಡು ಚುಕ್ಕೆ. 1080ರಲ್ಲಿ ಹದಿನೆಂಟು, 1440ರಲ್ಲಿ ಇಪ್ಪತ್ನಾಲ್ಕು. ಹನ್ನೆರಡರಲ್ಲಿ ನಮ್ಮ ಒತ್ತಕ್ಷರ ಉಸಿರುಕಟ್ಟುತ್ತದೆ, ಇದು ನಿಜ. ಹಾಗಾದರೆ ಸಾಲ ಮಾಡಿ 1440 ಕೊಂಡವನು ಗೆದ್ದನೆ? ಅವನ ಫೋನಿನಲ್ಲೂ ಅಕ್ಷರದ ಎತ್ತರ ಒಂದು ಮಿಲಿಮೀಟರಿನ ಆಸುಪಾಸು. ಚುಕ್ಕೆ ಸಾಕಷ್ಟಿದೆ, ಚಾಳೀಸಿನ ಕಣ್ಣಿಗೆ ಅಕ್ಷರವೇ ದಕ್ಕುವುದಿಲ್ಲ. ಅದಕ್ಕಿಂತ ಪುಕ್ಕಟೆಯ ಉಪಾಯ ಒಂದಿದೆ. 720ರ ಫೋನನ್ನೇ ಅಡ್ಡ ಹಿಡಿಯಿರಿ. ಪುಟ ಈಗ ಆರು ಅಂಗುಲದಷ್ಟು ಅಗಲಕ್ಕೆ ಹಬ್ಬುತ್ತದೆ, ಅಕ್ಷರ ಏಳು ಪಾಯಿಂಟಿಗೇರುತ್ತದೆ, ಅದರ ಎತ್ತರಕ್ಕೆ ಇಪ್ಪತ್ತಾರು ಇಪ್ಪತ್ತೇಳು ಚುಕ್ಕೆ ಸಿಗುತ್ತದೆ. ಹತ್ತು ಸಾವಿರದ ಆಸುಪಾಸಿನ ಫೋನು ಅಡ್ಡ ಬಿದ್ದರೆ ನೆಟ್ಟಗೆ ನಿಂತ ಲಕ್ಷದ ಫೋನನ್ನು ಮೀರಿಸುತ್ತದೆ. ಯಾವ ಅಂಗಡಿಯ ಬಾಗಿಲಲ್ಲೂ ಇದನ್ನು ಬರೆದು ಅಂಟಿಸುವುದಿಲ್ಲ.

ಕಳಿಸುವವರೂ ಒಂದು ವಿಷಯ ತಿಳಿದಿರಲಿ. ಕಾಗದದ ಫೋಟೋ ಹೊಡೆದು ವಾಟ್ಸಪ್ಪಿನಲ್ಲಿ ಹಾಗೆಯೇ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಸಾಗಿಸುತ್ತದೆ. ದಾರಿಯಲ್ಲೇ ಸೋರಿಹೋದದ್ದನ್ನು ಎಂಥ ಪರದೆಯೂ ಹಿಂದಕ್ಕೆ ತರಲಾರದು. 2023ರಿಂದ ಎಚ್‌ಡಿ ಎಂಬ ಗುಂಡಿ ಬಂದಿದೆ, ಅದನ್ನು ಒತ್ತಿ. ಅದಕ್ಕಿಂತ ಒಳ್ಳೆಯದು ಡಾಕ್ಯುಮೆಂಟ್ ಎಂದು ಕಳಿಸುವುದು, ಆಗ ಕುಗ್ಗುವುದಿಲ್ಲ. ಯೂನಿಯನ್ನಿನ ಸುತ್ತೋಲೆಗಳನ್ನು ಕಳಿಸುವ ಗೆಳೆಯರಿಗೂ ಈ ಮಾತು ಅನ್ವಯಿಸುತ್ತದೆ!

ಕೊಳ್ಳಲೇಬೇಕಾಗಿ ಬಂದವರು ಏನು ನೋಡಬೇಕು? ಅಂಗುಲಕ್ಕೆ 270ರಿಂದ 300 ಇದ್ದರೆ ಫೋನಿಗೆ ಧಾರಾಳ ಸಾಕು. ಆಪಲ್ ಕಂಪೆನಿಯದ್ದೇ ಐಫೋನ್ ಎಕ್ಸ್‌ಆರ್ ಅಡ್ಡಕ್ಕೆ 828 ಚುಕ್ಕೆಯ, ಅಂಗುಲಕ್ಕೆ 326ರ ಫೋನು. 2018ರಲ್ಲಿ ಬಂದಾಗ ಚುಕ್ಕೆ ಸಾಲದೆಂದು ಪಂಡಿತರು ಬೈದರು, 2019ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಹೋದ ಫೋನು ಅದು ಎಂದು ಮಾರುಕಟ್ಟೆಯ ಸಮೀಕ್ಷೆಗಳು ಹೇಳಿದವು. ಟ್ಯಾಬ್ಲೆಟನ್ನು ತುಸು ದೂರ ಹಿಡಿಯುವುದರಿಂದ 220 ಆದೀತು, ಅದಕ್ಕಿಂತ ಕೆಳಗಿಳಿದರೆ ಮಕ್ಕಳ ಪಾಠಕ್ಕೆ ಬೇಡ. ಚುಕ್ಕೆಗಿಂತ ಮೊದಲು ಬೆಳಕು ನೋಡಿ. ಮೀನಿನ ಬುಟ್ಟಿಯ ಪಕ್ಕ ಬಿಸಿಲಲ್ಲಿ ಕುಳಿತವಳಿಗೆ ಹಣ ಬಂತೋ ಇಲ್ಲವೋ ಕಾಣದಿದ್ದರೆ 500 ಚುಕ್ಕೆ ಇದ್ದೂ ವ್ಯರ್ಥ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಪ್ಪಬೇಡಿ, ಹೊರಗೆ ಜಗಲಿಗೆ ತನ್ನಿ. ತೋರಿಸಲು ಇಟ್ಟ ಹೂವು, ಜಲಪಾತದ ಚಿತ್ರ ಬೇಡ, ಒಂದು ಕನ್ನಡ ಪತ್ರಿಕೆಯ ಪುಟ ತೆರೆಸಿ. ಧ, ಫ, ಷ, ಸ್ತ್ರೀ ಎಲ್ಲಿವೆಯೆಂದು ಹುಡುಕಿ ಓದಿ ನೋಡಿ. ಅಂಗಡಿಯವನು ಗೊಣಗಿಯಾನು, ಗೊಣಗಲಿ.

ಸರಕಾರದಿಂದ ನಾವು ಕೇಳುವುದು ಹೆಚ್ಚೇನಿಲ್ಲ. 2021ರ ಜೂನಿನಲ್ಲಿ ರಾಜ್ಯ ಸರಕಾರ ತನ್ನ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಮುಂದೆ ಇಂಥದ್ದನ್ನು ಕೊಳ್ಳುವಾಗ ಅಂಗುಲಕ್ಕೆ ಕನಿಷ್ಠ ಇಷ್ಟು ಚುಕ್ಕೆ, ಬಿಸಿಲಿನಲ್ಲಿ ಇಷ್ಟು ಬೆಳಕು, ಹತ್ತು ಪಾಯಿಂಟಿನ ಕನ್ನಡ ಒತ್ತಕ್ಷರ ತಪ್ಪಿಲ್ಲದೆ ಓದಲಿಕ್ಕೆ ಬರಬೇಕು ಎಂಬ ಷರತ್ತನ್ನು ಟೆಂಡರಿನಲ್ಲಿ ಬರೆಯಲಿ. ಸಾಮಾನು ಬಂದ ಮೇಲೆ ಅಧಿಕಾರಿಗಳ ಬದಲು ಕನ್ನಡ ಶಾಲೆಯ ಮಾಸ್ತರರು, ಅಂಗನವಾಡಿಯ ಅಕ್ಕಂದಿರು ಅದನ್ನು ಹಿಡಿದು ಪರೀಕ್ಷಿಸಲಿ. ಫೋನಿಗೆ ನೋಟೀಸು ಕಳಿಸುವ ಇಲಾಖೆಗಳು ಕಾಗದದ ಪಡಿಯಚ್ಚನ್ನು ಕಳಿಸುವ ಸೋಮಾರಿತನ ಬಿಟ್ಟು, ಪರದೆಯ ಅಗಲಕ್ಕೆ ತಾನಾಗಿ ಸಾಲು ಮುರಿದುಕೊಳ್ಳುವ ಕನ್ನಡ ಬರಹವನ್ನು ಕಳಿಸಲಿ. ದಿನ ಗಡುವಿರುವ ಪಟ್ಟಿಗಳನ್ನು, ಮುಖ್ಯವಾಗಿ ಭೂಸ್ವಾಧೀನದ್ದನ್ನು, ಹನ್ನೆರಡು ಪಾಯಿಂಟಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಅಚ್ಚು ಹಾಕಿಸಿ ಗ್ರಾಮ ಪಂಚಾಯತು, ನಗರದ ವಾರ್ಡ್ ಕಚೇರಿ ಮತ್ತು ನ್ಯಾಯಬೆಲೆ ಅಂಗಡಿಯ ಗೋಡೆಗೆ 21 ದಿವಸವೂ ತೂಗಹಾಕಲಿ. ಗೋಡೆಯ ಆ ಕಾಗದ ಯಾವ ದಿನ ಏರಿತು, ಯಾವ ದಿನ ಇಳಿಯಿತು ಎಂಬುದಕ್ಕೆ ಕಚೇರಿಯವರ ಸಹಿ ಇರಲಿ.